ನಕ್ಷೆಯಲ್ಲಿ ಬಿಟ್ಟುಹೋದ ಕಟ್ಟೆ

ಆಡಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬಲಗೈ ನಡುಗುತ್ತದೆ. ವಯಸ್ಸಾಯಿತು ಎನ್ನುತ್ತಾರೆ ಡಾಕ್ಟರು. ಕಾಫಿ ಕಡಿಮೆ ಮಾಡಿ ಎನ್ನುತ್ತಾಳೆ ಹೆಂಡತಿ. ಇಬ್ಬರಿಗೂ ಹೂಂ ಅಂದುಬಿಡುತ್ತೇನೆ. ಕಳೆದ ತಿಂಗಳು ಮೇಲುಕೋಟೆಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ನಾಗಮಂಗಲದ ಬಸ್ಸು ಹತ್ತಿದ್ದೆ. ಜಕ್ಕನಹಳ್ಳಿಯಲ್ಲಿ ಒಬ್ಬ ಹೆಂಗಸು ಸೆರಗಿನೊಳಗೆ ಆಡಿನ ಮರಿಯೊಂದನ್ನು ಸುತ್ತಿಕೊಂಡು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಅಷ್ಟೇ. ಕೈಯಲ್ಲಿದ್ದ ಟಿಕೆಟು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಹಿಡಿತಕ್ಕೆ ಬರಲಿಲ್ಲ.

ಪಕ್ಕದಲ್ಲಿದ್ದವನೇ ಅದನ್ನು ಎತ್ತಿಕೊಟ್ಟ. ಎತ್ತಿಕೊಟ್ಟವನು ಸುಮ್ಮನಿರಬಾರದೆ? ಕಿಟಕಿಯ ಆಚೆ ಕೈ ಮಾಡಿ, "ನೋಡಿ ಸಾ, ಅದೇಯ ಅದ್ದಿನಬೋರೆ. ಎಂಗ್ ಬೆಳ್ದದೆ ಕಾಡು! ಸರ್ಕಾರದೋರಲ್ಲ, ಊರಿನ್ ಜನಗೊಳೇ ಕೂತ್ಕಂಡು ಪ್ಲಾನ್ ಮಾಡಿ ಬೆಳ್ಸಿದ್ದಂತೆ," ಎಂದ. ನಾನು ನೋಡಿದೆ. ಹದ್ದಿನಬೋರೆ ನಿಜಕ್ಕೂ ಹಸಿರಾಗಿತ್ತು. ನಾವು ನೆಟ್ಟ ಹುಣಸೆ ಮರಗಳು ರಸ್ತೆಯವರೆಗೂ ಕಾಣುತ್ತಿದ್ದವು. ಜನರೇ ಕೂತು ಪ್ಲಾನ್ ಮಾಡಿದ್ದು ಅನ್ನುವುದೂ ಸುಳ್ಳಲ್ಲ. ಯಾವ ಜನ ಕೂತಿದ್ದರು, ಯಾರು ಕೂತಿರಲಿಲ್ಲ ಅನ್ನುವುದು ನನಗೆ ಗೊತ್ತು. ಆ ಪ್ಲಾನನ್ನು ಬರೆದ ಕೈ ಇದೇ.

ಅದು ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಯುಗಾದಿಯಿಂದ ಯುಗಾದಿಗೆ ಸರಿಯಾಗಿ ಒಂದು ವರ್ಷ. ನನಗೆ ಆಗ ಇಪ್ಪತ್ತೇಳು, ಮದುವೆಯಾಗಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿತ್ತು. ನಾನು ಪಾಲಹಳ್ಳಿಯವನು. ನಾಲೆಯ ನೀರು, ಭತ್ತದ ಗದ್ದೆ, ಕಬ್ಬು, ಮನೆಯ ಹಿಂದೆ ನಾಲ್ಕು ಹಸು, ಇದರಲ್ಲಿ ಬೆಳೆದವನು. ನೀರಿಗಾಗಿ ಯಾರಾದರೂ ಗುಡ್ಡ ಹತ್ತುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಂಥವನನ್ನು ಫಾರೆಸ್ಟರ್ ಅಂತ ಪಾಂಡವಪುರ ತಾಲ್ಲೂಕಿನ ಒಣ ತುದಿಗೆ, ನಾಗಮಂಗಲದ ಗಡಿಗೆ ತಾಗಿದ ಸಂಕನಕೊಪ್ಪಲಿಗೆ ಹಾಕಿದರು. ಊರ ಮುಂದೆ ಕೆರೆ, ಊರ ಹಿಂದೆ ಹದ್ದಿನಬೋರೆ ಅನ್ನುವ ಗುಡ್ಡ. ಬೋರೆ ಸರ್ಕಾರದ ಕಾಡು. ಕಾಡು ಅಂತ ಹೆಸರಿಗೆ. ಬಂಡೆ, ಲಾಂಟಾನಾ, ಅಲ್ಲಲ್ಲಿ ಒಂದು ಹೊಂಗೆ.

ಆಗಷ್ಟೇ ಹೊಸ ಆದೇಶ ಬಂದಿತ್ತು. ಕಾಡು ಸರ್ಕಾರದ್ದೇ, ಆದರೆ ಅದನ್ನು ಹೇಗೆ ನೋಡಿಕೊಳ್ಳಬೇಕು, ಎಲ್ಲಿ ಗಿಡ ನೆಡಬೇಕು, ಎಲ್ಲಿ ದನ ಬಿಡಬೇಕು ಅನ್ನುವುದನ್ನು ಊರಿನವರೇ ಕೂತು ತೀರ್ಮಾನಿಸಬೇಕು. ಅದಕ್ಕೆ ಊರಿಗೊಂದು ಗ್ರಾಮ ಅರಣ್ಯ ಸಮಿತಿ. ಅಧ್ಯಕ್ಷರು ಊರಿನವರು, ಕಾರ್ಯದರ್ಶಿ ನಾನು. ಮೈಸೂರಿನಲ್ಲಿ ನಾಲ್ಕು ದಿನ ತರಬೇತಿ ಕೊಟ್ಟರು. ಜನರನ್ನು ಗುಡಿಯ ಮುಂದೆ ಸೇರಿಸಿ, ಅವರ ಕೈಗೇ ರಂಗೋಲಿ ಪುಡಿ ಕೊಟ್ಟು ನೆಲದ ಮೇಲೆ ಊರಿನ ನಕ್ಷೆ ಬರೆಸಬೇಕು. ಅಧಿಕಾರಿ ಬಾಯಿ ಮುಚ್ಚಿಕೊಂಡು ನೋಡಬೇಕು. ನನಗೆ ಇದು ತುಂಬಾ ಹಿಡಿಸಿಬಿಟ್ಟಿತು. ಬರುವಾಗ ಚೀಲದ ತುಂಬ ಬಣ್ಣದ ಪುಡಿ ತಂದೆ. ನಾನೇ ಈ ದೇಶದ ಕಾಡನ್ನೆಲ್ಲ ಉಳಿಸಿಬಿಡುತ್ತೇನೆ ಅನ್ನುವ ಹಮ್ಮು ಬೇರೆ.

ಯುಗಾದಿ ಕಳೆದ ವಾರ ಸಭೆ ಇಟ್ಟೆ. ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮ ಪಾಲಹಳ್ಳಿಯಲ್ಲಿ ಯಾವ ಸಭೆಯೂ ಹನ್ನೊಂದಕ್ಕೇ. ಡೈರಿಗೆ ಹಾಲು ಹಾಕಿ, ಹಸುವಿಗೆ ಹುಲ್ಲು ಹಾಕಿ, ತಿಂಡಿ ತಿಂದು ಜನ ಆರಾಮಾಗಿ ಬರುವ ಹೊತ್ತು ಅದು. ಬೇರೆ ಕಡೆ ಬೇರೆ ಹೊತ್ತು ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ತಮಟೆ ಬಡಿಸಿ ಊರೆಲ್ಲ ಸಾರಿಸಿದೆ. ಮಾರಮ್ಮನ ಗುಡಿಯ ಮುಂದೆ ಜನ ಸೇರಿದರು. ಅಧ್ಯಕ್ಷರಾಗಿ ಜವರೇಗೌಡರು ಆಗಲೇ ಆಯ್ಕೆಯಾಗಿದ್ದರು. ಐವತ್ತರ ಗಟ್ಟಿ ಆಳು, ಆರು ಸೀಮೆಹಸು ಕಟ್ಟಿದ್ದವರು, ಮಾತು ಜೋರು, ಕೈ ಧಾರಾಳ. ಅವರನ್ನು ಕೆಟ್ಟವರು ಎನ್ನಲು ನನಗೆ ಬಾಯಿಲ್ಲ. ಎಷ್ಟೋ ದಿನ ಅವರ ಮನೆಯಲ್ಲೇ ಮುದ್ದೆ ಉಂಡಿದ್ದೇನೆ.

"ಏನ್ ಫಾರೆಸ್ಟ್ರೆ, ಮದ್ವೆ ಮನೆಯಾ ಇದು? ಗಂಡುಸ್ರ ಕೈಲಿ ರಂಗೋಲಿ ಬುಡುಸ್ತೀರಲ್ಲ!" ಎಂದು ಗೌಡರು ನಕ್ಕರು. ಎಲ್ಲರೂ ನಕ್ಕರು. ಆದರೆ ಪುಡಿ ಕೈಗೆ ಬಂದಮೇಲೆ ಯಾರೂ ಬಿಡಲಿಲ್ಲ. ಹೆಂಗಸರು ಓಣಿ ಬರೆದರು, ಮನೆ ಮನೆ ಬರೆದರು, ಕೆರೆಗೆ ನೀಲಿ ಸುರಿದರು. ನಮ್ಮ ಕೊಟ್ಟಿಗೆ ಇಷ್ಟು ಚಿಕ್ಕದಾ ಎಂದು ಇಬ್ಬರು ಜಗಳಕ್ಕೇ ನಿಂತರು. ಕೊನೆಗೆ ಬೋರೆ ಬಂತು. ಊರ ಕಡೆಯ ಇಳಿಜಾರಿನಲ್ಲಿ ಸೌದೆ ಎಲ್ಲಿ, ಹುಲ್ಲು ಎಲ್ಲಿ, ಜೇನು ಎಲ್ಲಿ, ಎಲ್ಲ ಗುರುತು ಬಿತ್ತು. ಬೋರೆಯ ಹಿಂದಿನ ಮಗ್ಗುಲು ಮಾತ್ರ ಖಾಲಿ ಉಳಿಯಿತು.

"ಆ ಕಡೆ ಏನಿದೆ ಗೌಡ್ರೇ?" ಎಂದು ಕೇಳಿದೆ.

"ಏನೈತೆ ಸಾ? ಬಂಡೆ, ಮುಳ್ಳು. ತಳದಲ್ಲಿ ಇಂದ್ಲಟ್ಟಿ ಅಂತ ಒಂದೈತೆ, ಆಡಿನೋರ ಅದ್ನಾಕು ಮನೆ. ಅವ್ರ್ ಪಾಡ್ಗೆ ಅವ್ರು ಔರೆ."

ಹಿಂದಲಹಟ್ಟಿಯಿಂದ ಸಭೆಗೆ ಒಬ್ಬರೂ ಬಂದಿರಲಿಲ್ಲ. ಯಾಕೆ ಬಂದಿಲ್ಲ ಎಂದು ನಾನು ಕೇಳಲೂ ಇಲ್ಲ. ಹಸಿರು ಪುಡಿ ತೆಗೆದುಕೊಂಡು ಆ ಖಾಲಿ ಜಾಗವನ್ನೆಲ್ಲ ನಾನೇ ತುಂಬಿದೆ. ಅಧಿಕಾರಿ ಪುಡಿ ಮುಟ್ಟಬಾರದು ಎಂದು ತರಬೇತಿಯಲ್ಲಿ ಹೇಳಿದ್ದು ಮರೆತೇಹೋಗಿತ್ತು. ಆಗ ಗುಡಿಯ ಜಗಲಿಯ ಮೇಲೆ ಕೂತಿದ್ದ ಮುದುಕಿ ನಿಂಗವ್ವ ಬಾಯಿ ತೆರೆದಳು. "ಅಲ್ಲೊಂದ್ ಕಟ್ಟೆ ಐತಲ್ಲಪ್ಪಾ. ಆಡಿನ ಕಟ್ಟೆ. ಬಂಡೆ ಸಂದೀಲಿ ಕಲ್ ಪೇರ್ಸಿ ನೀರ್ ನಿಲ್ಸವ್ರೆ. ಸೌದೆಗ್ ವೋದಾಗ ನಾನೂ ಕುಡ್ದಿವ್ನಿ. ಎಂಥಾ ಬ್ಯಾಸ್ಗೇಲೂ ಬತ್ತಾಕಿಲ್ಲ ಅದು."

"ಸುಮ್ಕಿರವ್ವ ನೀನು. ಆಡು ಉಚ್ಚೆ ಒಯ್ಯೋ ಗುಂಡಿ ಅದು. ಅದ್ನೂ ಬರೀಬೇಕಾ?" ಎಂದರು ಗೌಡರು. ಮತ್ತೆ ಎಲ್ಲರೂ ನಕ್ಕರು.

ನಾನು ನಗಲಿಲ್ಲ. ನನ್ನ ಬಲಗೈಯಲ್ಲಿ ನೀಲಿ ಪುಡಿ ಒಂದು ಹಿಡಿ ಇತ್ತು. ಅಜ್ಜಿ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಆದರೆ ಹಸಿರು ಬಹಳ ನಯವಾಗಿ ಬಿದ್ದಿತ್ತು, ಅದರ ಮೇಲೆ ಕಾಲಿಟ್ಟು ನಡುವಿಗೆ ಹೋದರೆ ಬೋರೆಯೆಲ್ಲ ಕೆಡುತ್ತಿತ್ತು. ನಕ್ಷೆಯ ಫೋಟೋ ತೆಗೆಯಲು ನಾನು ಕರೆಸಿದ್ದವನು ಬೇರೆ ಜವರೇಗೌಡರ ಮನೆಯ ಮಾಳಿಗೆ ಹತ್ತಿ ಕಾಯುತ್ತಿದ್ದ. ಪುಡಿಯನ್ನು ವಾಪಸು ಪೊಟ್ಟಣಕ್ಕೆ ಹಾಕಿದೆ. ಆ ವರ್ಷ ನಡೆದದ್ದೆಲ್ಲ ಶುರುವಾದದ್ದು ಇಲ್ಲಿಂದ ಎಂದು ಇವತ್ತಿಗೂ ನಂಬಿದ್ದೇನೆ.

ಪ್ಲಾನು ಬರೆದೆ. ಬೋರೆಯ ಹಿಂದಿನ ಇಳಿಜಾರು ಐದು ವರ್ಷ ಮೇವಿಗೆ ಬಂದ್. ಹುಣಸೆ, ನೆಲ್ಲಿ, ಹೊಂಗೆ, ಬೇವು ನೆಡುವುದು. ಸುತ್ತ ಆಳುದ್ದ ಆಳದ ಟ್ರಂಚು ತೋಡುವುದು. ಮನೆಗೊಬ್ಬರಂತೆ ಸರದಿಯ ಕಾವಲು. ಬೆಳೆದ ಹುಲ್ಲನ್ನು ಸಮಿತಿಯವರು ಕೊಯ್ದು ಹಸುವಿಗೆ ಒಯ್ಯುವುದು. 'ಈಗಿನ ಬಳಕೆ' ಅಂತ ಒಂದು ಕಲಮು ಇತ್ತು. ಅದರ ಮುಂದೆ 'ಇಲ್ಲ' ಎಂದು ಬರೆದೆ. ಮೇಲಿನವರು ಪ್ಲಾನು ಓದಿ ಭೇಷ್ ಎಂದರು, ಫೋಟೋವನ್ನು ಆಫೀಸಿನ ಗೋಡೆಗೆ ಹಾಕಿದರು.

ಟ್ರಂಚು ತೋಡುವ ಕೆಲಸ ಅರ್ಧಕ್ಕೆ ಬಂದಾಗ ಹಿಂದಲಹಟ್ಟಿಯಿಂದ ಕೆಂಚಯ್ಯ ಬಂದ. ಒಣಗಿದ ಮೈ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಗಣೆಗೆ ಕಟ್ಟಿದ ಕುಡುಗೋಲು. ಜೊತೆಗೆ ಹೆಂಡತಿ ಚಿಕ್ಕತಾಯಮ್ಮ. ಇಬ್ಬರೂ ಟ್ರಂಚಿನ ಆ ದಡದಲ್ಲಿ ನಿಂತರು, ನಾನು ಈ ದಡದಲ್ಲಿ.

"ನಮ್ಮನ್ನ ಒಂದ್ ಮಾತ್ ಕೇಳ್ನಿಲ್ವಲ್ಲ ಸೋಮಿ," ಎಂದ ಕೆಂಚಯ್ಯ.

"ಸಭೆ ಕರೆದಿದ್ದೆವಲ್ಲಯ್ಯ. ತಮಟೆ ಹೊಡೆಸಿದ್ದೆ. ಕೇಳಿಸಲಿಲ್ಲವಾ?"

"ಕೇಳುಸ್ತು ಸೋಮಿ. ಅನ್ನೊಂದ್ ಗಂಟೇಲಿ ನಾವು ಬೋರೆ ಮ್ಯಾಲೆ ಆಡ್ ಜೊತೆ ಇರ್ತೀವಿ. ಕ್ವಾಪ್ಲಲ್ಲಿ ತಮ್ಟೆ ಬಡೀತಾವ್ರೆ, ಯಾರ್ದೋ ಸಾವಾಗದೆ ಅನ್ಕಂಡೊ. ಯಾರು ಅಂತ ಗೊತ್ತಾಗ್ದೆ, ಇವ್ಳು ಅಲ್ಲೇ ಕೂತು ಒಂದ್ ಗಳ್ಗೆ ಅತ್ತೂಬುಟ್ಲು."

ಚಿಕ್ಕತಾಯಮ್ಮ ಮುಖ ತಿರುಗಿಸಿಕೊಂಡಳು. ನನಗೆ ನಗು ಬಂತು, ನಿಜ ಹೇಳುತ್ತೇನೆ. ಊರಿನ ಸಭೆಯ ತಮಟೆಗೆ ಅತ್ತವರನ್ನು ನಾನು ಕಂಡಿರಲಿಲ್ಲ. "ಈಗ ಮಂಜೂರಾಗಿದೆ ಕೆಂಚಯ್ಯ. ನನ್ನ ಕೈಲಿ ಏನೂ ಇಲ್ಲ," ಎಂದು ಹೇಳಿದೆ. ಅದೊಂದು ಕಟ್ಟೆಗೆ ದಾರಿ ಬಿಡಿ, ನಮ್ಮ ಅಜ್ಜ ಕಟ್ಟಿದ್ದು, ಗಿಡದ ತಂಟೆಗೆ ಬರುವುದಿಲ್ಲ ಎಂದು ಅವನು ಎರಡು ಸಲ ಕೇಳಿದ. ಟ್ರಂಚು ಅವನ ದಾರಿಯನ್ನು ಸರಿಯಾಗಿ ನಡುವೆ ಕಡಿದಿತ್ತು. ನೋಡೋಣ ಎಂದೆ. ಸರ್ಕಾರಿ ನೌಕರನ ಬಾಯಲ್ಲಿ ನೋಡೋಣ ಎಂದರೆ ಏನೆಂದು ಅವನಿಗೂ ಗೊತ್ತಿತ್ತು.

ಮಳೆ ಆ ವರ್ಷ ಮುಂಗಾರಿನಲ್ಲಿ ಚೆನ್ನಾಗಿಯೇ ಬಿತ್ತು. ಗಿಡ ನೆಟ್ಟೆವು. ಇಡೀ ಊರು ಬುತ್ತಿ ಕಟ್ಟಿಕೊಂಡು ಬೋರೆ ಹತ್ತಿತ್ತು, ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಹಿಂಗಾರು ಕೈಕೊಟ್ಟಿತು. ಸಂಕ್ರಾಂತಿ ಹೊತ್ತಿಗೆ ಊರ ಮುಂದಿನ ಕೆರೆ ಬಿರುಕು ಬಿಟ್ಟು ನಿಂತಿತು. ಗೌಡರ ಮನೆಗಳಿಗೆ ಬೋರ್‌ವೆಲ್ ಇತ್ತು. ಹಿಂದಲಹಟ್ಟಿಗೆ ಇದ್ದದ್ದು ಒಂದೇ ಕಟ್ಟೆ, ಅದು ಟ್ರಂಚಿನ ಒಳಗೆ. ಅಲ್ಲಿಯವರೆಗೆ ಕೆರೆಯ ನೀರು ಕುಡಿಸಿ, ಹೊಲದ ಬದುಗಳಲ್ಲಿ ಹೇಗೋ ಮೇಯಿಸಿಕೊಂಡಿದ್ದವರು ಟ್ರಂಚಿನ ಒಂದು ಕಡೆ ಮಣ್ಣು ಕೆಡವಿ ಆಡುಗಳನ್ನು ಒಳಗೆ ಬಿಟ್ಟರು.

ಶಿವರಾತ್ರಿಗೆ ಮುಂಚಿನ ಒಂದು ಮಧ್ಯಾಹ್ನ. ಕಾವಲಿನ ಸರದಿ ಜವರೇಗೌಡರ ಮನೆಯ ಕಡೆಯವರದ್ದು, ಆರು ಜನ ಇದ್ದರು. ಚಿಕ್ಕತಾಯಮ್ಮ ಆಡುಗಳಿಗೆ ನೀರು ಕುಡಿಸಿ ವಾಪಸು ಹೊಡೆದುಕೊಂಡು ಬರುತ್ತಿದ್ದಾಗ ಮೇಲಿನ ಬಂಡೆಯಿಂದ ಕಲ್ಲು ತೂರಿದರು. ಆಡುಗಳು ಚೆದುರಿ ಓಡಿ, ಮಣ್ಣು ಕೆಡವಿದ ಜಾಗ ಸಿಗದೆ ಟ್ರಂಚಿಗೆ ಬಿದ್ದವು. ಏಳು ಆಡು. ಬಿದ್ದವನ್ನು ಮೇಲೆ ನಿಂತು ದೊಣ್ಣೆಯಲ್ಲಿ ಬಡಿದರು. ಅವಳು ಟ್ರಂಚಿಗೆ ಧುಮುಕಿ ಗಬ್ಬದ ಆಡೊಂದರ ಮೇಲೆ ಬಿದ್ದು ಮಲಗಿದಳು. ಅವಳ ಬೆನ್ನಿನ ಮೇಲೂ ಒಂದು ಕಲ್ಲು ಬಿತ್ತು.

ನಾನು ಹೋಗುವಷ್ಟರಲ್ಲಿ ಬಡಿಯುವುದು ನಿಂತಿತ್ತು. ಟ್ರಂಚಿನ ತಳದಲ್ಲಿ ಕಾಲು ಮುರಿದ ಆಡುಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಒಂದರ ಮುಂಗಾಲಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಮಣ್ಣು, ರಕ್ತ, ಹಿಕ್ಕೆ, ಎಲ್ಲ ಕಲೆತ ವಾಸನೆ ಬಿಸಿಲಿಗೆ ಮೇಲೆದ್ದು ಬರುತ್ತಿತ್ತು. ಗಬ್ಬದ ಆಡಿನ ಸೊಂಟ ಮುರಿದಿತ್ತು. ಚಿಕ್ಕತಾಯಮ್ಮ ಸೊಂಟದ ಕುಡುಗೋಲು ತೆಗೆದು ತಾನೇ ಅದರ ಕತ್ತು ಕೊಯ್ದಳು. ಕೊಯ್ಯುವಾಗ ಅದರ ಕಣ್ಣನ್ನು ಎಡಗೈಯಲ್ಲಿ ಮುಚ್ಚಿದಳು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟು, ಒಳಗಿನ ಮರಿಯ ಒದೆತ ನಿಲ್ಲುವವರೆಗೂ ಹಾಗೇ ಕೂತಿದ್ದಳು. ನಾನು ಅವಳನ್ನು ಮೇಲಕ್ಕೆ ಎತ್ತಲು ಕೈ ಕೂಡ ಕೊಡಲಿಲ್ಲ. ಪುಸ್ತಕ ತೆಗೆದು, ಅಕ್ರಮ ಮೇವು, ಏಳು ಆಡು ಎಂದು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಗಿಡಗಳು ಹೋಗಿದ್ದವು. ಕಟ್ಟೆಯಿಂದ ಟ್ರಂಚಿನವರೆಗೆ ಇದ್ದ ಸಾಲುಗಳನ್ನು ಮೊಣಕಾಲೆತ್ತರಕ್ಕೆ ಸವರಿ ಹಾಕಿದ್ದರು. ಒಂದೊಂದು ಗಿಡಕ್ಕೂ ಒಂದೇ ಏಟು. ಹುಣಸೆಯ ತುದಿಗಳು ಇನ್ನೂ ಬಾಡಿರಲಿಲ್ಲ. ನರ್ಸರಿಯಲ್ಲಿ ಬೀಜ ಹಾಕಿದ್ದೂ ನಾನೇ, ಬಿಸಿಲಿಗೆ ಚಪ್ಪರ ಹಾಕಿದ್ದೂ ನಾನೇ. ಅಲ್ಲೇ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ಜೀಪು ಬಂತು, ರೇಂಜರು ಇಳಿದರು. ಊರವರ ಮುಂದೆಯೇ, "ನಿನಗೆ ಸಂಬಳ ಯಾಕೆ ಕೊಡೋದು?" ಎಂದು ಉಗಿದರು. ಪಿತ್ತ ನೆತ್ತಿಗೇರಿತು. ಟ್ರಂಚಿನ ಪಕ್ಕ ಬಿದ್ದಿದ್ದ ಬಿದಿರಿನ ದೊಣ್ಣೆ ಎತ್ತಿಕೊಂಡು ಹಿಂದಲಹಟ್ಟಿಗೆ ಇಳಿದೆ.

ನನಗಿಂತ ಮೊದಲೇ ಜವರೇಗೌಡರ ಕಡೆಯವರು ಅಲ್ಲಿದ್ದರು. ಹಟ್ಟಿಯ ನಡುವಿನ ಹೊಂಗೆ ಮರಕ್ಕೆ ಕೆಂಚಯ್ಯನನ್ನು ಅವನ ಕಂಬಳಿಯಿಂದಲೇ ಕಟ್ಟಿದ್ದರು. ಬಾಯಿ ಒಡೆದು ರಕ್ತ ಗಡ್ಡಕ್ಕೆ ಇಳಿದಿತ್ತು. ಹೆಂಗಸರನ್ನೆಲ್ಲ ಗುಡಿಸಲೊಳಗೆ ಕೂಡಿ ಬಾಗಿಲಿಗೆ ಒಬ್ಬ ನಿಂತಿದ್ದ. ನಾನು ಕಾಕಿ ಬಟ್ಟೆಯಲ್ಲಿದ್ದೆ. ಬಿಡಿಸಿ ಎಂದರೆ ಬಿಡಿಸುತ್ತಾರೆ ಎಂದು ಗೊತ್ತಿತ್ತು. ಬಿಡಿಸಿದರು ಕೂಡ. ಕಟ್ಟು ಬಿಚ್ಚಿಸಿದ್ದು ನಾನೇ. ಬಿಚ್ಚಿಸಿ, "ಯಾರೋ ಕಡಿದೋನು? ಬೊಗಳೋ," ಎಂದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವನಿಗೆ.

"ನಾನ್ ಕಡೀನಿಲ್ಲ," ಎಂದ ಕೆಂಚಯ್ಯ. ರಕ್ತ ಉಗಿದು ಮತ್ತೆ ಹೇಳಿದ. "ಕಡ್ದೋರ್ ಯಾರು ಅಂತ ಗೊತ್ತು. ಯೋಳಾಕಿಲ್ಲ. ನಿಮ್ ಗಿಡಕ್ಕೆ ಒಂಬತ್ ತಿಂಗ್ಳು ಸೋಮಿ, ನಮ್ ಕಟ್ಟೆಗೆ ಮೂರ್ ತಲೆ. ಅಲ್ಲೊಂದ್ ಕಟ್ಟೆ ಐತೆ ಅಂತ ನಿಂಗವ್ವ ನಿಮ್ಗೆ ಯೋಳ್ನಿಲ್ವಾ? ಆಯಮ್ಮನೇ ಅಂದ್ಲು ನನ್ ಕುಟ್ಟೆ. ಯೋಳ್ದೆ ಕಣ್ಲಾ ಮಗಾ, ಫಾರೆಸ್ಟರಪ್ಪ ನೀಲಿ ಪುಡಿ ಕೈಲಿ ಇಡ್ಕಂಡ್ ನಿಂತಿದ್ದ, ಆಕ್ನಿಲ್ಲ ಅಂತವ."

ಜವರೇಗೌಡರು ನನ್ನ ಮುಖ ನೋಡಿದರು. ನಾನು ಹೊಡೆದೆ. ಗಿಡಕ್ಕಾಗಿ ಅಲ್ಲ, ರೇಂಜರು ಉಗಿದದ್ದಕ್ಕೂ ಅಲ್ಲ. ಅವನ ಬಾಯಿ ಮುಚ್ಚಿಸಲು ಹೊಡೆದೆ. ಅವನು ಬಲಗೈ ಅಡ್ಡ ತಂದ. ಹಸಿ ಸೌದೆ ಮುರಿದ ಹಾಗೆ ಸದ್ದಾಯಿತು, ಮುಂಗೈ ಜೋತುಬಿತ್ತು. ಅವನು ಕೂಗಲಿಲ್ಲ. ನೆಲದ ಮೇಲೆ ಕೂತು ಆ ಕೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡ. ನನ್ನ ಸಿಟ್ಟು ಆಗಲೂ ಇಳಿದಿರಲಿಲ್ಲ, ಇನ್ನೊಂದು ಏಟಿಗೆ ದೊಣ್ಣೆ ಎತ್ತಿದ್ದೆ. ಜವರೇಗೌಡರೇ ಹಿಂದಿನಿಂದ ಹಿಡಿದುಕೊಂಡರು. "ಬುಡಿ ಸಾ, ಸಾಕು ಬುಡಿ," ಎಂದರು.

ಎಂಟು ದಿನ ಕಳೆಯಿತು. ಆ ಎಂಟು ದಿನವೂ ನಾನು ಹಟ್ಟಿಯ ಕಡೆಗೆ ತಲೆ ಹಾಕಲಿಲ್ಲ. ಕೆಂಚಯ್ಯ ಮೂಳೆ ಕಟ್ಟುವವನ ಹತ್ತಿರ ಬಿದಿರಿನ ದಬ್ಬೆ ಇಟ್ಟು ಪಟ್ಟು ಹಾಕಿಸಿಕೊಂಡಿದ್ದಾನೆ ಎಂದು ಯಾರೋ ಹೇಳಿದರು. ಒಂಬತ್ತನೆಯ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಬೋರೆಯ ಮೇಲೆ ಹೊಗೆ ಎದ್ದಿತು. ಗಾಳಿ ಜೋರಾಗಿತ್ತು, ಹುಲ್ಲು ಎದೆಯೆತ್ತರ ಒಣಗಿ ನಿಂತಿತ್ತು. ಬೆಂಕಿ ನೋಡನೋಡುತ್ತ ಇಡೀ ಇಳಿಜಾರಿಗೆ ಹಬ್ಬಿತು. ಯಾರು ಹಚ್ಚಿದರೋ, ಯಾರ ಬೀಡಿಯೋ, ಇವತ್ತಿಗೂ ಗೊತ್ತಾಗಿಲ್ಲ.

ಕೊಪ್ಪಲಿನವರು ಹಸಿ ಸೊಪ್ಪಿನ ಕೊಂಬೆ, ದೊಣ್ಣೆ, ಮಚ್ಚು ಹಿಡಿದುಕೊಂಡು ಮೇಲಿನಿಂದ ಓಡಿದರು. ಹಟ್ಟಿಯವರು ತಮ್ಮ ಗುಡಿಸಲು ಉಳಿಸಿಕೊಳ್ಳಲು ಅವೇ ಕೊಂಬೆ, ಅವೇ ಮಚ್ಚು ಹಿಡಿದು ಕೆಳಗಿನಿಂದ ಹತ್ತಿದರು. ಎಲ್ಲರೂ ಬಂದದ್ದು ಬೆಂಕಿ ಆರಿಸಲು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಾಗುವುದಿಲ್ಲ. ಟ್ರಂಚಿನ ಹತ್ತಿರ ಹೊಗೆಯೊಳಗೆ ಎದುರುಬದುರಾದರು. ನೀವು ಹಚ್ಚಿದ್ದು ಎಂದು ಇವರು, ನೀವು ಹಚ್ಚಿದ್ದು ಎಂದು ಅವರು. ಮೊದಲ ಏಟು ಯಾರದೆಂದು ನಾನು ನೋಡಲಿಲ್ಲ. ಬೆಂಕಿ ಬಡಿಯುವ ಕೊಂಬೆಗಳಲ್ಲೇ ಮುಖಕ್ಕೆ ಬಡಿದುಕೊಂಡರು. ಒಬ್ಬನ ಪಂಚೆಗೆ ಬೆಂಕಿ ಹತ್ತಿ ಅವನು ಉರಿಯುತ್ತಲೇ ಟ್ರಂಚಿಗೆ ಹಾರಿದ. ಹಟ್ಟಿಯ ಕಡೆಯಿಂದ ಬೀಸಿದ ಮಚ್ಚು ಜವರೇಗೌಡರ ಕಿವಿಗೆ ಬಿದ್ದು ಅರ್ಧ ಕಿವಿ ಹಾರಿಹೋಯಿತು. ಕಿವಿ ಮುಟ್ಟಿ ನೋಡಿಕೊಂಡ ಗೌಡರಿಗೆ ಸಿಟ್ಟಿನಲ್ಲಿ ಕಣ್ಣು ಕಾಣದಂತಾಯಿತು. ಕೈಯಲ್ಲಿದ್ದ ಕಗ್ಗಲಿ ದೊಣ್ಣೆಯನ್ನು ಎರಡೂ ಕೈಯಲ್ಲಿ ಎತ್ತಿ, ಎದುರಿಗೆ ಸಿಕ್ಕವನ ತಲೆಗೆ ಹಾಕಿದರು.

ಎದುರಿಗೆ ಇದ್ದವನು ಕೆಂಚಯ್ಯ. ನಾನು ಹತ್ತು ಮಾರು ದೂರದಲ್ಲಿದ್ದೆ, ಕಣ್ಣಾರೆ ಕಂಡೆ. ಎಲ್ಲ ಮನುಷ್ಯರಂತೆ ಅವನೂ ಬಲಗೈ ಎತ್ತಲು ಹೋದ. ದಬ್ಬೆ ಕಟ್ಟಿದ ಕೈ ಎದೆಯ ತನಕ ಬಂದು ನಿಂತುಬಿಟ್ಟಿತು. ದೊಣ್ಣೆ ನೇರವಾಗಿ ನೆತ್ತಿಗೆ ಬಿತ್ತು.

ಟ್ರಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಪಾಂಡವಪುರಕ್ಕೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಚಿಕ್ಕತಾಯಮ್ಮನ ಮಡಿಲಲ್ಲಿತ್ತು. ಮೂಗಿನಿಂದ, ಕಿವಿಯಿಂದ ರಕ್ತ ಬರುತ್ತಲೇ ಇತ್ತು. ಟವೆಲು ಒತ್ತಿ ಹಿಡಿದೆ, ಅದು ನೆನೆದಮೇಲೆ ನನ್ನ ಶರ್ಟು ಬಿಚ್ಚಿ ಒತ್ತಿದೆ. ಪ್ರತಿ ಹಳ್ಳಕ್ಕೂ ಟ್ರೈಲರು ಎಗರುತ್ತಿತ್ತು. ಅವಳು ಅಳುತ್ತಿರಲಿಲ್ಲ, ಅವನ ಪಾದವನ್ನು ಉಜ್ಜುತ್ತಲೇ ಇದ್ದಳು. ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುವ ಮೊದಲೇ ಅವನ ಉಸಿರು ನಿಂತಿತ್ತು. ಅದು ಅವಳಿಗೂ ಗೊತ್ತಾಗಿತ್ತು. ಆದರೂ ಪಾದ ಉಜ್ಜುವುದನ್ನು ನಿಲ್ಲಿಸಲಿಲ್ಲ.

ಪೊಲೀಸರು ಮಹಜರು ಬರೆಯುವಾಗ, ಈ ಕೈ ಏಟು ಯಾವಾಗಿನದು ಎಂದು ಕೇಳಿದರು. ಗುಂಪಿನಲ್ಲಿ ಯಾರೋ, "ಟ್ರಂಚಿಗೆ ಬಿದ್ದಿದ್ದ ಸಾ," ಎಂದರು. ಯಾರೂ ಅಲ್ಲಗಳೆಯಲಿಲ್ಲ. ನಾನೂ ಅಲ್ಲಗಳೆಯಲಿಲ್ಲ. ಟ್ರಂಚಿಗೆ ಬಿದ್ದು ಆದ ಹಳೆಯ ಗಾಯ ಎಂದು ಬರೆದ ಕಾಗದದ ಕೆಳಗೆ ಸಾಕ್ಷಿ ಎಂದು ರುಜು ಹಾಕಿದೆ. ಜೀಪು ಹತ್ತಿಸುವಾಗ ಜವರೇಗೌಡರು ಕಿವಿಗೆ ಬಟ್ಟೆ ಒತ್ತಿಕೊಂಡು ನನ್ನ ಹತ್ತಿರ ನಿಂತರು. "ನಾನ್ ಒಡ್ದೆ, ಒಪ್ಕತೀನಿ," ಎಂದರು. "ಆದ್ರೆ ಫಾರೆಸ್ಟ್ರೆ, ಅವ್ನ ಕೈ ನೆಟ್ಗಿದ್ದಿದ್ರೆ ತಡ್ಕತಿದ್ದ. ಅದು ನಿಮ್ಗೂ ಗೊತ್ತು, ನಂಗೂ ಗೊತ್ತು." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಆಮೇಲೆ ಜೈಲಿನಲ್ಲಿ ಕೆಲವು ತಿಂಗಳಿದ್ದರು, ಸಾಕ್ಷಿ ಹೇಳುವವರಿಲ್ಲದೆ ಹೊರಗೆ ಬಂದರು. ಬಂದಮೇಲೆ ಬೋರೆಯ ಕಡೆ ಹೋಗಲಿಲ್ಲವಂತೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೆ.ಆರ್. ಪೇಟೆಗೆ ವರ್ಗ ಮಾಡಿದರು. ಹೋಗುವ ಮುಂಚೆ ಒಂದು ಕೆಲಸ ಮುಗಿಸಿ ಹೋಗು ಎಂದರು. ಪ್ಲಾನನ್ನು ಹೊಸದಾಗಿ ಮಾಡಬೇಕಿತ್ತು, ಈ ಸಲ ಎಲ್ಲರನ್ನೂ ಕರೆದು.

ಯುಗಾದಿ ಮತ್ತೆ ಬಂದು ಹೋಗಿತ್ತು. ಸಭೆಯನ್ನು ಹಿಂದಲಹಟ್ಟಿಯ ಹೊಂಗೆ ಮರದ ಕೆಳಗೆ ಇಟ್ಟೆ. ಆಡು ಹಟ್ಟಿಗೆ ತಿರುಗುವ ಹೊತ್ತು, ಸಂಜೆ ಐದೂವರೆ. ತಮಟೆ ಬಡಿಸಲಿಲ್ಲ, ಮನೆಮನೆಗೆ ನಾನೇ ಹೋಗಿ ಕರೆದೆ. ಚಿಕ್ಕತಾಯಮ್ಮನ ಬಾಗಿಲಲ್ಲಿ ನಿಂತು ಕರೆದಾಗ ಅವಳು ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಕೊಪ್ಪಲಿನಿಂದ ಹತ್ತಾರು ಜನ ಬಂದು ಒಂದು ಕಡೆ ಕೂತರು, ಹಟ್ಟಿಯವರು ಇನ್ನೊಂದು ಕಡೆ. ನಡುವೆ ಗುಡಿಸಿದ ನೆಲ. ಹಿಂದೆ ಬೋರೆ ಸುಟ್ಟು ಕರ್ರಗೆ ನಿಂತಿತ್ತು, ಗಾಳಿ ಬೀಸಿದಾಗಲೆಲ್ಲ ಬೂದಿ ಬರುತ್ತಿತ್ತು. ಸುಟ್ಟ ಹುಣಸೆಗಳ ಬುಡದಲ್ಲಿ ಮಾತ್ರ ಅಲ್ಲಲ್ಲಿ ಚಿಗುರು ಒಡೆದಿತ್ತು. ಮರದ ತೊಗಟೆಯಲ್ಲಿ ಕಂಬಳಿ ಉಜ್ಜಿದ ಗುರುತು ಹಾಗೇ ಇತ್ತು. ನಾನು ಆ ಕಡೆ ನೋಡದ ಹಾಗೆ ಬೆನ್ನು ಮಾಡಿ ಕೂತೆ.

ಮನೆ ಬರೆದರು, ದಾರಿ ಬರೆದರು, ಬೋರೆ ಬರೆದರು. ಕಟ್ಟೆಯ ಜಾಗ ಬಂದಾಗ ಎಲ್ಲರ ಕೈ ನಿಂತಿತು. ಯಾರೂ ಪುಡಿ ಮುಟ್ಟಲಿಲ್ಲ. ಕೊನೆಗೆ ನಾನೇ ನೀಲಿ ಪುಡಿ ಒಂದು ಹಿಡಿ ತೆಗೆದುಕೊಂಡು, "ಎಲ್ಲಿ ಬರುತ್ತೆ ತೋರಿಸಿ," ಎಂದೆ.

ಹಿಂದಿನ ಸಾಲಿನಿಂದ ಚಿಕ್ಕತಾಯಮ್ಮ ಎದ್ದು ಬಂದಳು. ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ನನ್ನ ಬಲಗೈಯ ಮುಂಗೈಯನ್ನು ಹಿಡಿದಳು. ಕೆಂಚಯ್ಯನದು ಮುರಿದ ಜಾಗದಲ್ಲೇ, ಸರಿಯಾಗಿ. ಗಟ್ಟಿಯಾಗಿ ಹಿಡಿದು ನೆಲದ ಮೇಲೆ ಎಳೆದುಕೊಂಡು ಹೋದಳು, ಹಸಿರಿನ ನಡುವಿಗೆ. ಅವಳ ಸೀರೆಯಿಂದ, ಕೈಯಿಂದ ಆಡಿನ ವಾಸನೆ ಬರುತ್ತಿತ್ತು. ನನ್ನ ಕೈ ನಡುಗಲು ಶುರುವಾದದ್ದು ಆಗ.

"ಇಲ್ಲಿ ಸೋಮಿ," ಎಂದಳು. "ಬುಡಿ."

ಮುಷ್ಟಿ ಬಿಚ್ಚಿದೆ. ನೀಲಿ ಪುಡಿ ಬಿತ್ತು.

ಕಟ್ಟೆಗೆ ದಾರಿ ಬಿಡುವುದೆಂದು ಎಲ್ಲರೂ ಒಪ್ಪಿದರು, ಕೊಪ್ಪಲಿನವರೂ ಒಪ್ಪಿದರು. ಯಾವ ಮನೆಯ ಎಷ್ಟು ಆಡು ಯಾವ ಹೊತ್ತಿಗೆ ನೀರಿಗೆ ಹೋಗಬೇಕೆಂದು ಬರೆದುಕೊಳ್ಳಬೇಕಿತ್ತು. ಪೆನ್ನು ತೆಗೆದೆ. ಅವಳು ಅಲ್ಲೇ ಕೂತಿದ್ದಳು, ಅವಳಿಂದಲೇ ಶುರು ಮಾಡಿದೆ. "ನಿನ್ನವು ಎಷ್ಟಮ್ಮ?" ಎಂದು ಕೇಳಿದೆ.

"ಒಂದೂ ಇಲ್ಲ ಸೋಮಿ. ಎಲ್ಲಾನೂ ಮಾರ್ಬುಟ್ಟೆ ಮೊನ್ನೆ ಸಂತೇಲಿ. ಮೇಯ್ಸೋರ್ ಯಾರು?"

ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. "ಮತ್ತೆ ನೀನ್ಯಾಕಮ್ಮ ಸಭೆಗೆ ಬಂದೆ?"

ಅಂಗೈಗೆ ಹತ್ತಿದ್ದ ನೀಲಿಯನ್ನು ಅವಳು ಸೆರಗಿನಲ್ಲಿ ನಿಧಾನವಾಗಿ ಒರೆಸಿಕೊಂಡಳು.

"ನೀವ್ ಕರ್ದ್ರಲ್ಲ ಸೋಮಿ, ಬಂದೆ," ಎಂದಳು. "ಅವತ್ತೂ ಇಂಗೇ ಬಂದು ಕರ್ದಿದ್ರೆ ಬತ್ತಿದ್ದೊ, ಇಬ್ರೂವೆ."